ಬಿಲ್ಲಿನಲ್ಲಿ ವಿಸ್ಕೋಸ್, ಟ್ಯಾಗಿನಲ್ಲಿ ಬಿದಿರು: ಯಾವುದನ್ನು ನಂಬಲಿ?

ದಾರದುಂಡೆ (ದಾವಣಗೆರೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೆಯ ಮೇಲಿನ ಮಹಡಿಯಲ್ಲಿ ನಾಲ್ಕು ಹೊಲಿಗೆ ಮಿಷನ್, ಒಂದು ಓವರ್‌ಲಾಕ್ ಇಟ್ಟುಕೊಂಡು ಮಕ್ಕಳ ಬಟ್ಟೆ ಹೊಲಿಸುತ್ತೇನೆ. ಜೊತೆಗೆ ಮೂವರು ಹೆಂಗಸರಿದ್ದಾರೆ. ಜಬಲಾ, ಫ್ರಾಕು, ಲಂಗ-ರವಿಕೆ, ಗಂಡುಮಕ್ಕಳ ಜುಬ್ಬಾ. ಇಷ್ಟೇ ನಮ್ಮ ವ್ಯಾಪಾರ.

ಹೋದ ತಿಂಗಳು ಬೆಂಗಳೂರಿನ ಒಂದು ಅಂಗಡಿಯಿಂದ 300 ಜಬಲಾಗೆ ಆರ್ಡರ್ ಬಂತು. ನಮಗೆ ಇದು ದೊಡ್ಡ ಆರ್ಡರ್. ಅವರದು ಒಂದೇ ಷರತ್ತು, ಬಟ್ಟೆ ಬಿದಿರಿನದ್ದೇ ಆಗಬೇಕು. ಟ್ಯಾಗಿನ ಮೇಲೆ "ನೂರಕ್ಕೆ ನೂರು ನೈಸರ್ಗಿಕ ಬಿದಿರು, ಕೆಮಿಕಲ್ ಇಲ್ಲ, ಪರಿಸರಸ್ನೇಹಿ" ಎಂದು ಅಚ್ಚು ಹಾಕಿಸಬೇಕು. ಬಿದಿರೆಲೆಯ ಚಿತ್ರ ಸಮೇತ ಡಿಸೈನ್ ಅವರೇ ಕಳಿಸಿದರು.

ನಾನು ಯಾವಾಗಲೂ ಬಟ್ಟೆ ತರಿಸುವ ಹೋಲ್‌ಸೇಲ್ ವ್ಯಾಪಾರಿಯನ್ನೇ ಕೇಳಿದೆ. "ಬ್ಯಾಂಬೂ ಕಾಟನ್" ಅಂತ ಎರಡು ತಾನು ಕಳಿಸಿದರು. ಮೀಟರಿಗೆ 310 ರೂಪಾಯಿ. ನಾನು ಮಾಮೂಲಿ ತರಿಸುವ ಹತ್ತಿ ಬಟ್ಟೆ 140ಕ್ಕೆ ಸಿಗುತ್ತದೆ. ದುಬಾರಿ ನಿಜ. ಆದರೆ ಕೈಯಲ್ಲಿ ಹಿಡಿದರೆ ಬೆಣ್ಣೆ. ಹೊಲಿಯುವ ನಮ್ಮ ಹುಡುಗಿಯೊಬ್ಬಳು ಕೆನ್ನೆಗೆ ಒತ್ತಿಕೊಂಡು "ಅಕ್ಕಾ, ಒಂದು ಪೀಸ್ ನಂಗೂ ಬೇಕು" ಅಂದಳು.

ಎರಡು ದಿನ ಬಿಟ್ಟು ಬಿಲ್ ಬಂತು. ಅದರಲ್ಲಿ ಬಿದಿರಿನ ಹೆಸರೇ ಇಲ್ಲ. "ವಿಸ್ಕೋಸ್ 70, ಹತ್ತಿ 30" ಎಂದಿದೆ. ಫೋನ್ ಮಾಡಿದೆ. "ಅದೇ ಮೇಡಂ ಬ್ಯಾಂಬೂ ಅಂದ್ರೆ. ಬಿಲ್ಲಲ್ಲಿ ಹಂಗೇ ಬರೋದು. ಟ್ಯಾಗಲ್ಲಿ ನೀವು ಏನ್ ಬೇಕಾದ್ರೂ ಹಾಕ್ಕೊಳಿ" ಅಂದರು.

ಆ ಮಾತು ಕೇಳಿದ ಮೇಲೆ ಯಾಕೋ ಕತ್ತರಿ ಹಾಕಲು ಮನಸ್ಸು ಬರಲಿಲ್ಲ.

ನಮ್ಮ ಅತ್ತೆಯ ತಂದೆ ಇಲ್ಲಿಯ ಕಾಟನ್ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಅತ್ತೆಗೆ ಬಟ್ಟೆಯ ವಿಷಯ ನನಗಿಂತ ಜಾಸ್ತಿ ಗೊತ್ತು. "ಸುಟ್ಟು ನೋಡು" ಅಂದರು. ಒಂದು ಎಳೆ ತೆಗೆದು ದೀಪಕ್ಕೆ ಹಿಡಿದೆವು. ಕಾಗದದ ಹಾಗೆ ಉರಿಯಿತು, ಸುಟ್ಟ ಕಾಗದದ ವಾಸನೆಯೇ ಬಂತು, ಬೂದಿ ಮುಟ್ಟಿದರೆ ಪುಡಿಯಾಯಿತು. "ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಟ್ಟಿ ಗುಂಡಾಗುತ್ತಿತ್ತು. ಇದು ಅಸಲಿ ಮಾಲು" ಎಂದು ತೀರ್ಪು ಕೊಟ್ಟರು.

ಈಗ ನನಗೆ ತಲೆಕೆಟ್ಟಿದೆ. ಇದು ಬಿದಿರೋ ಅಲ್ಲವೋ? ಆ ಟ್ಯಾಗ್ ಹಾಕಬಹುದಾ? ಹಾಕಬಾರದು ಅನ್ನುವುದಾದರೆ, ಮೀಟರಿಗೆ 200 ರೂಪಾಯಿ ಒಳಗೆ, ಇದು ಪರಿಸರಕ್ಕೆ ಒಳ್ಳೆಯದು ಎಂದು ನಾನು ಧೈರ್ಯವಾಗಿ ಹೇಳಬಹುದಾದ ಬಟ್ಟೆ ಯಾವುದು? "ಆರ್ಗ್ಯಾನಿಕ್ ತಗೊಳ್ಳಿ" ಅಂತ ಸುಮ್ನೆ ಹೇಳಬೇಡಿ. ರೇಟು ವಿಚಾರಿಸಿಯೇ ಇಲ್ಲಿಗೆ ಬಂದಿದ್ದೇನೆ.

ಇನ್ನೊಂದು ವಿಷಯ. ನಮ್ಮಲ್ಲಿ ತಿಂಗಳಿಗೆ ಎರಡು ಚೀಲ ಚಿಂದಿ ಬೀಳುತ್ತದೆ. ಈಗ ಕಸದ ಗಾಡಿಗೆ ಹಾಕುತ್ತಿದ್ದೇನೆ. ಪರಿಸರಸ್ನೇಹಿ ಟ್ಯಾಗ್ ಹಾಕಿಕೊಂಡು ಆ ಕೆಲಸ ಮಾಡುವುದು ಚೆನ್ನಾಗಿರಲ್ಲ ಅಲ್ವಾ?

ಕಳಲೆಪಲ್ಯ (ಸಾಗರ):

ಬಿದಿರು ಅಂದರೆ ನಮಗೆ ಮಳೆಗಾಲದ ಕಳಲೆ, ಅಷ್ಟೇ. ಅದನ್ನೂ ಎರಡು-ಮೂರು ದಿನ ನೀರು ಬದಲಿಸಿ ನೆನೆಹಾಕದೆ ತಿನ್ನಲಾಗದು. ಅಂಥ ಗಟ್ಟಿ ಬಿದಿರು ಸುಮ್ಮನೆ ಬೆಣ್ಣೆಯಂಥ ಬಟ್ಟೆ ಆಗುತ್ತದೆಯಾ ಅಕ್ಕ? ನಡುವೆ ಏನೋ ಆಗಿರಲೇಬೇಕು. ಗೊತ್ತಿದ್ದವರು ಹೇಳಲಿ.

ಬಣ್ಣದಭಟ್ಟಿ:

ತಂಗಿ, ನಾನು 31 ವರ್ಷ ಡೈಯಿಂಗ್ ಮಾಡಿದವನು. ಮೊದಲು ತಿರುಪ್ಪೂರು, ಆಮೇಲೆ ಬೆಂಗಳೂರು. ಈಗ ರಿಟೈರ್ ಆಗಿ ಮೈಸೂರಲ್ಲಿದ್ದೇನೆ.

ನಿಮ್ಮ ಅತ್ತೆ ಮಾಡಿಸಿದ ಪರೀಕ್ಷೆ ಸರಿಯಾದದ್ದೇ. ಪಾಲಿಯೆಸ್ಟರ್ ಇದ್ದರೆ ಅದರಲ್ಲಿ ಸಿಕ್ಕಿಬೀಳುತ್ತದೆ. ವಿಸ್ಕೋಸ್ ಸಿಕ್ಕಿಬೀಳುವುದಿಲ್ಲ. ವಿಸ್ಕೋಸೂ ಹತ್ತಿಯೂ ಒಳಗೆ ಒಂದೇ ಸರಕು, ಸೆಲ್ಯುಲೋಸ್. ಎರಡೂ ಕಾಗದದ ಹಾಗೇ ಉರಿಯುತ್ತವೆ. ಇದಕ್ಕೆ ಬೆಂಕಿ ಬೇಡ, ನೀರು ಬೇಕು. ಬಟ್ಟೆಯಿಂದ ಒಂದು ಎಳೆ ತೆಗೆದು ಒಣಗಿದ್ದಾಗ ಎಳೆದು ಹರಿಯಿರಿ. ಇನ್ನೊಂದು ಎಳೆ ತೆಗೆದು ನೀರಲ್ಲಿ ಅದ್ದಿ ಹರಿಯಿರಿ. ಹತ್ತಿ ನೆಂದಾಗ ಇನ್ನೂ ಗಟ್ಟಿಯಾಗುತ್ತದೆ. ವಿಸ್ಕೋಸ್ ನೆಂದರೆ ಶಕ್ತಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ದಿನಾ ಒಗೆಯುವ ಮಗುವಿನ ಬಟ್ಟೆಗೆ ಇದೂ ಲೆಕ್ಕಕ್ಕೆ ಬರಬೇಕು.

ಸಾಗರದವರು ಕೇಳಿದ "ನಡುವಿನ" ಕಥೆ ಹೇಳುತ್ತೇನೆ. ಬಿದಿರನ್ನೋ ಮರವನ್ನೋ ಚೂರು ಮಾಡಿ ಬೇಯಿಸಿ ಪಲ್ಪ್ ಮಾಡುತ್ತಾರೆ. ಅದನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿ, ಜೇನಿನಂಥ ಅಂಟು ರಸ ಮಾಡುತ್ತಾರೆ. ಆ ರಸವನ್ನು ಸಣ್ಣ ತೂತುಗಳಿಂದ ಗಂಧಕಾಮ್ಲದ ತೊಟ್ಟಿಯೊಳಗೆ ಒತ್ತುತ್ತಾರೆ. ಶಾವಿಗೆ ಒತ್ತಿದ ಹಾಗೆ. ಅದು ಗಟ್ಟಿಯಾಗಿ ಎಳೆಯಾಗುತ್ತದೆ. ಕಾರ್ಬನ್ ಡೈಸಲ್ಫೈಡ್ ಒಳ್ಳೆಯ ವಸ್ತು ಅಲ್ಲ. ವರ್ಷಾನುಗಟ್ಟಲೆ ಅದರ ಗಾಳಿ ಕುಡಿದ ಕೆಲಸಗಾರರ ನರ ಹಾಳಾಗುತ್ತದೆ. ನಿಮ್ಮ ಕೈಗೆ ಬಂದ ಬಟ್ಟೆಯಲ್ಲಿ ಅದು ಇರುವುದಿಲ್ಲ. ಮಗುವಿಗೆ ಏನೂ ಆಗಲ್ಲ, ಹೆದರಬೇಡಿ. ಆದರೆ "ಕೆಮಿಕಲ್ ಇಲ್ಲ" ಎಂದು ಟ್ಯಾಗ್ ಹಾಕಿದರೆ ಶುದ್ಧ ಸುಳ್ಳು. ಇದೇ ಪಲ್ಪನ್ನು ಬೇರೆ ದ್ರಾವಕದಲ್ಲಿ ಕರಗಿಸಿ, ಆ ದ್ರಾವಕವನ್ನು ನೂರಕ್ಕೆ 99ಕ್ಕಿಂತ ಜಾಸ್ತಿ ವಾಪಸ್ ಹಿಡಿದು ಮತ್ತೆ ಬಳಸುವ ವಿಧಾನವೂ ಇದೆ. ಅದಕ್ಕೆ ಲಯೋಸೆಲ್ ಅನ್ನುತ್ತಾರೆ. ಅದು ವಾಸಿ. ಬಿದಿರಿನ ನಾರನ್ನೇ ಬಿಡಿಸಿ ನೇಯುವ ಬಟ್ಟೆಯೂ ಉಂಟು. ಆದರೆ ಅದು ಒರಟು, ಅಪರೂಪ. ಬೆಣ್ಣೆಯಂತಿದ್ದರೆ ಅದಂತೂ ಅಲ್ಲ.

ಇಷ್ಟಾದರೂ ನಾನು ವಿಸ್ಕೋಸನ್ನು ಬೈಯಲಾರೆ. ನನ್ನ ತಕರಾರು ಬೇರೆ. ಎಲ್ಲರೂ ನಾರಿನ ಹೆಸರು ಕೇಳುತ್ತಾರೆ, ಬಣ್ಣ ಎಲ್ಲಿ ಹಾಕಿಸಿದಿರಿ ಎಂದು ಒಬ್ಬರೂ ಕೇಳಲ್ಲ.

ತಿರುಪ್ಪೂರಿನಲ್ಲಿ ನಾನಿದ್ದ ಭಟ್ಟಿಗೆ ಬಣ್ಣದ ಡಬ್ಬಿ ಬರುತ್ತಿದ್ದದ್ದು ತಿಂಗಳಿಗೊಂದು ಸಲ. ಉಪ್ಪಿನ ಲಾರಿ ದಿನಾ ಬರುತ್ತಿತ್ತು. ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣ ನೀರು ಬಿಟ್ಟು ಎಳೆಗೆ ಹೋಗಬೇಕಾದರೆ ಉಪ್ಪು ಬೇಕು. ಕಡುನೀಲಿ, ಕಪ್ಪು, ಮರೂನು ಆದರೆ ಒಂದು ಕೆಜಿ ಬಟ್ಟೆಗೆ ಅರ್ಧ ಕೆಜಿಗಿಂತ ಜಾಸ್ತಿ ಉಪ್ಪು. ಆ ಉಪ್ಪು ಒಂದು ಚೂರೂ ಬಟ್ಟೆಗೆ ಅಂಟಲ್ಲ. ಎಲ್ಲಾ ಹೊರಗೆ ಹೋಗಬೇಕು. ಹೋಗುತ್ತಿದ್ದದ್ದು ನೊಯ್ಯಲ್ ಹೊಳೆಗೆ. ಕೆಳಗೆ ಒರತ್ತುಪಾಳಯಂ ಅಂತ ಒಂದು ಅಣೆಕಟ್ಟೆ ಇದೆ. ಕಟ್ಟಿದ್ದು ನೀರಾವರಿಗೆ. ಕೊನೆಗೆ "ನಮ್ಮ ಹೊಲಕ್ಕೆ ಆ ನೀರು ಬಿಡಬೇಡಿ" ಎಂದು ರೈತರೇ ಬೇಡಿಕೊಳ್ಳುವಂತಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶ ಬಂದು ನೂರಾರು ಭಟ್ಟಿಗಳು ಒಟ್ಟಿಗೆ ಬಾಗಿಲು ಹಾಕಿದವು. ನಾನೂ ಮೂರು ತಿಂಗಳು ಸಂಬಳವಿಲ್ಲದೆ ಮನೆಯಲ್ಲಿ ಕೂತೆ. ಆಮೇಲೆ ಒಂದು ಹನಿ ಹೊರಗೆ ಬಿಡದೆ ನೀರು ಶುದ್ಧ ಮಾಡಿ, ಉಪ್ಪೂ ವಾಪಸ್ ತೆಗೆದು ಬಳಸುವ ಪದ್ಧತಿ ಬಂತು. ಅದಕ್ಕೆ ಕರೆಂಟು, ಸೌದೆ, ದುಡ್ಡು ಎಲ್ಲಾ ಸುರಿಯಬೇಕು. ಅದನ್ನು ಮಾಡುವವನ ರೇಟಿಗೂ, ರಾತ್ರಿ ಚರಂಡಿಗೆ ಬಿಡುವವನ ರೇಟಿಗೂ ಅಜಗಜಾಂತರ. ಕಡಿಮೆ ರೇಟಿಗೆ ಕಡುಬಣ್ಣದ ಬಟ್ಟೆ ಸಿಕ್ಕಿತು ಅಂದರೆ ಖುಷಿಪಡುವ ಮೊದಲು ಇದನ್ನು ನೆನೆಸಿಕೊಳ್ಳಿ.

ಇನ್ನು ನಿಮ್ಮ 200 ರೂಪಾಯಿ ಪ್ರಶ್ನೆ. ಎಳೆ ಮಗುವಿನ ಜಬಲಾಗೆ ಬಣ್ಣ ಯಾಕೆ ಬೇಕು? ಕೋರಾ ಹತ್ತಿ ಬಟ್ಟೆ ತಗೊಳ್ಳಿ. ಬಣ್ಣ ಇಲ್ಲ, ಬ್ಲೀಚ್ ಇಲ್ಲ. ನಿಮ್ಮ ಮಾಮೂಲಿ ಬಟ್ಟೆಗಿಂತ ಅಗ್ಗಕ್ಕೇ ಸಿಗುತ್ತದೆ. ಹತ್ತಿ ಬೆಳೆಯುವಾಗ ಹೊಡೆದ ಔಷಧಿಯ ಪಾಪ ಅದಕ್ಕೂ ಇದೆ, ಇಲ್ಲ ಅನ್ನಲ್ಲ. ಆದರೆ ನೀರಿಗೆ ಬೀಳುವ ದೊಡ್ಡ ಪಾಲು ತಪ್ಪುತ್ತದೆ. ಕೋರಾದಲ್ಲಿ ಮಗ್ಗದ ಗಂಜಿ ಇರುತ್ತದೆ, ಬಟ್ಟೆ ಬಿರುಸು. ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಮಾರನೇ ದಿನ ವಾಷಿಂಗ್ ಸೋಡಾ ಹಾಕಿ ಕುದಿಸಿ, ಚೆನ್ನಾಗಿ ಜಾಲಿಸಿ. ಮೆತ್ತಗಾಗುತ್ತದೆ. ಕತ್ತರಿ ಹಾಕುವುದು ಆಮೇಲೆ. ಮೊದಲೇ ಕತ್ತರಿಸಿದರೆ ಆರು ತಿಂಗಳ ಮಗುವಿನ ಜಬಲಾ ಮೂರು ತಿಂಗಳ ಮಗುವಿಗೆ ಆಗುತ್ತದೆ.

ಅಂದಹಾಗೆ, ನೀವು ಹೊಲಿಯುವ ದಾರ ಯಾವುದು? ರೀಲಿನ ಮೇಲೆ ನೋಡಿ. ಬಹುಶಃ ಪಾಲಿಯೆಸ್ಟರ್. "ನೂರಕ್ಕೆ ನೂರು" ಅಂತ ಬರೆಯುವವರು ಅದನ್ನು ಮರೆತಿರುತ್ತಾರೆ.

ಶಿಪ್‌ಮೆಂಟ್‌ಶುಕ್ರವಾರ (ಪೀಣ್ಯ, ಬೆಂಗಳೂರು):

ಎಕ್ಸ್‌ಪೋರ್ಟ್ ಗಾರ್ಮೆಂಟ್ಸಿನಲ್ಲಿ ಮರ್ಚೆಂಡೈಸರ್ ನಾನು. ಭಟ್ಟಿ ಸರ್ ಹೇಳಿದ್ದು ಒಪ್ಪುತ್ತೇನೆ, ಒಂದು ಬಿಟ್ಟು. ಕೋರಾ ಬಟ್ಟೆ ಅಂಗಡಿಯಲ್ಲಿ ಓಡಲ್ಲ ಸರ್. ಅಜ್ಜಿ-ತಾತ ಮಗು ನೋಡಲು ಬಂದು "ಏನಿದು, ಮಾಸಲು ಬಟ್ಟೆ ಹಾಕಿದ್ದೀರಿ" ಅಂತಾರೆ.

ಟ್ಯಾಗ್ ವಿಷಯ ಮಾತ್ರ ಹುಷಾರು ಮೇಡಂ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಿಂದಲೇ ಇದರ ಹಿಂದೆ ಬಿದ್ದಿದೆ. ರೇಯಾನನ್ನು (ವಿಸ್ಕೋಸ್ ಕೂಡ ರೇಯಾನೇ) ಬಿದಿರು ಎಂದು ಮಾರಿದ್ದಾರೆ ಎಂಬ ದೂರಿನ ಮೇಲೆ 2022ರಲ್ಲಿ ವಾಲ್‌ಮಾರ್ಟ್ 30 ಲಕ್ಷ ಡಾಲರ್, ಕೋಲ್ಸ್ 25 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಅಲ್ಲಿ "ಬಿದಿರಿನಿಂದ ಮಾಡಿದ ರೇಯಾನ್" ಎಂದು ಬರೆಯಬೇಕು, ಅದೂ ಬಿದಿರಿನದ್ದೇ ಎಂದು ತೋರಿಸಲು ಆಧಾರ ಇದ್ದರೆ. ನಮ್ಮಲ್ಲೂ 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. ಪರಿಸರಸ್ನೇಹಿ, ನೈಸರ್ಗಿಕ ಅಂತೆಲ್ಲ ಬರೆದರೆ ಆಧಾರ ಇಟ್ಟುಕೊಂಡಿರಬೇಕು. ನಿಮ್ಮ ಆಧಾರ ಏನು? ವಿಸ್ಕೋಸ್ ಎಂದಿರುವ ಬಿಲ್ಲು!

ಆರ್ಗ್ಯಾನಿಕ್ ಬಗ್ಗೆಯೂ ಒಂದು ಮಾತು. ಗಾಟ್ಸ್ ಎಂಬ ಸರ್ಟಿಫಿಕೇಟ್ ಇದೆ. ಅದರಲ್ಲಿ ಎರಡು ದರ್ಜೆ. "ಆರ್ಗ್ಯಾನಿಕ್" ಎಂದೇ ಬರೆಯಲು ನೂರಕ್ಕೆ 95ರಷ್ಟು ಸಾವಯವ ನಾರು ಬೇಕು. "ಆರ್ಗ್ಯಾನಿಕ್ ನಾರಿನಿಂದ ಮಾಡಿದ್ದು" ಎನ್ನಲು 70 ಸಾಕು. ಬಣ್ಣ, ಭಟ್ಟಿಯ ನೀರು, ಕೆಲಸಗಾರರ ಸ್ಥಿತಿ ಎಲ್ಲಾ ಅದರೊಳಗೆ ಬರುತ್ತದೆ. ಒಳ್ಳೆಯದೇ. ಆದರೆ ಕಾಗದ ಇದ್ದಲ್ಲಿ ಕಳ್ಳಕಾಗದವೂ ಇರುತ್ತದೆ. 2020ರಲ್ಲಿ ಗಾಟ್ಸ್ ಸಂಸ್ಥೆಯೇ ಹೇಳಿತು, ಭಾರತದಲ್ಲಿ 20,000 ಟನ್ ಹತ್ತಿಗೆ ನಕಲಿ ಸರ್ಟಿಫಿಕೇಟ್ ಆಗಿದೆ ಎಂದು. ಅದಕ್ಕೇ ವ್ಯಾಪಾರಿ ಲೋಗೋ ತೋರಿಸಿದರೆ ಸಾಲದು. ಲೈಸೆನ್ಸ್ ನಂಬರ್ ಕೇಳಿ, ಗಾಟ್ಸ್ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಅವರ ಹೆಸರು ಬಂದರೂ ನಿಮಗೆ ಕಳಿಸಿದ ಅದೇ ಲಾಟಿಗೆ ಟ್ರಾನ್ಸಾಕ್ಷನ್ ಸರ್ಟಿಫಿಕೇಟ್ ಇದೆಯಾ ಕೇಳಿ. ಅರ್ಧ ಜನ ಅಲ್ಲೇ ಫೋನ್ ಇಡುತ್ತಾರೆ.

ನಾಲ್ಕು ಮಿಷನ್ನಿನ ಘಟಕಕ್ಕೆ ಸ್ವಂತ ಸರ್ಟಿಫಿಕೇಟ್ ಖರ್ಚು ದಕ್ಕಲ್ಲ. ಆಸೆ ಬಿಡಿ.

ಕಳಲೆಪಲ್ಯ (ಸಾಗರ):

ಬಿಳಿ-ಮಾಸಲು ಬೇಡ ಅನ್ನುವವರಿಗೆ ನಮ್ಮ ಕಡೆಯ ಅಡಿಕೆ ಚೊಗರು ಇದೆಯಲ್ಲ! ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ರಸ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಇದರಲ್ಲೇ ನೂಲಿಗೆ ಬಣ್ಣ ಕಟ್ಟಿ ಕೈಮಗ್ಗದಲ್ಲಿ ನೇಯುತ್ತಾರೆ. ದಾಳಿಂಬೆ ಸಿಪ್ಪೆ, ನೀಲಿ ಕೂಡ ಬಳಸುತ್ತಾರೆ. ನನ್ನ ಹತ್ತಿರ ಹನ್ನೊಂದು ವರ್ಷದ ಹಳೇ ಚೊಗರಿನ ಜುಬ್ಬಾ ಇದೆ. ಬಣ್ಣ ಸ್ವಲ್ಪ ಇಳಿದಿದೆ, ಜುಬ್ಬಾ ಹರಿದಿಲ್ಲ. ಹೊಟ್ಟೆ ಬಂದು ಈಗ ನನಗೇ ಹಿಡಿಸಲ್ಲ, ಅದು ಬೇರೆ ಮಾತು.

ಬಣ್ಣದಭಟ್ಟಿ:

ಚೊಗರು ಒಳ್ಳೆಯ ಬಣ್ಣ. ಎಸೆಯುವ ರಸದಿಂದ ಬಂದದ್ದು ಅನ್ನುವುದು ಇನ್ನೂ ಒಳ್ಳೆಯದು. ಆದರೆ "ನೈಸರ್ಗಿಕ ಬಣ್ಣ" ಅಂದ ಕೂಡಲೇ ಕೈಮುಗಿಯಬೇಡಿ. ಗಿಡದ ಬಣ್ಣ ಹತ್ತಿಗೆ ತಾನಾಗಿ ಹಿಡಿಯುವುದು ಕಡಿಮೆ, ಹಿಡಿಸಲು ಏನಾದರೂ ಬೇಕು. ಅಳಲೆಕಾಯಿ, ಪಟಿಕ, ಬೆಲ್ಲದಲ್ಲಿ ಕೊಳೆಹಾಕಿದ ಕಬ್ಬಿಣದ ನೀರು ಆದರೆ ಸರಿ. ಮೈಲುತುತ್ತ ಹಾಕಿ ಹಿಡಿಸುವವರೂ ಇದ್ದಾರೆ. ಅದರ ನೀರು ಚರಂಡಿಗೆ ಹೋದರೆ ನನ್ನ ಹಳೇ ಭಟ್ಟಿಗೂ ಅದಕ್ಕೂ ಏನು ವ್ಯತ್ಯಾಸ? ಮಗು ಜಬಲಾದ ತುದಿ ಬಾಯಿಗೆ ಹಾಕುತ್ತದೆ ಅನ್ನುವುದೂ ನೆನಪಿರಲಿ. ಬಣ್ಣ ಕೊಳ್ಳುವಾಗ ಯಾವುದರಲ್ಲಿ ಹಿಡಿಸಿದ್ದು ಎಂದು ಕೇಳಿ. ಹೇಳದಿದ್ದರೆ ಬಿಡಿ.

ಪೀಣ್ಯದವರಿಗೆ: ಮಾಸಲು ಬಟ್ಟೆ ಎಂದು ನನ್ನ ಅತ್ತಿಗೆಯೂ ಅಂದಿದ್ದಳು. ಎರಡು ಒಗೆತ ಆದ ಮೇಲೆ ಆ ಬಟ್ಟೆ ಕೆನೆಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೂ ಅವಳೇ.

ಕರಿಮಣ್ಣು (ರಾಣೆಬೆನ್ನೂರು):

ಅಕ್ಕಾರ, ನೀವು ದಾವಣಗೆರೆಯಲ್ಲಿ ಕುಳಿತು ವಿಸ್ಕೋಸ್ ಎಂದರೇನು ಅಂತ ಕೇಳಿದ್ದು ನೋಡಿ ನಗು ಬಂತು. ತಪ್ಪು ತಿಳಿಯಬೇಡ್ರಿ. ನಿಮ್ಮ ಪಕ್ಕದ ಹರಿಹರದ ಸೇತುವೆ ದಾಟಿದರೆ ನಮ್ಮ ತಾಲ್ಲೂಕಿನ ಕುಮಾರಪಟ್ಟಣ. ಅಲ್ಲಿ ಮರದಿಂದ ಪಲ್ಪ್ ಮಾಡಿ ವಿಸ್ಕೋಸ್ ನಾರು ತೆಗೆಯುವ ಕಾರ್ಖಾನೆ ದಶಕಗಳಿಂದ ಇದೆ.

ಭಟ್ಟಿ ಸರ್ ನೀರಿನ ಕಥೆ ಹೇಳಿದರು. ನಾನು ನೆಲದ ಕಥೆ ಹೇಳುತ್ತೇನೆ. ವಿಸ್ಕೋಸಿಗೆ ಮರ ಬೇಕು, ಮರಕ್ಕೆ ಜಮೀನು ಬೇಕು. 1984ರಲ್ಲಿ ಸರ್ಕಾರವೂ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಮಾಡಿದವು. ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ನೆಲ ನೀಲಗಿರಿ ಬೆಳೆಯಲು ಗೊತ್ತಾಯಿತು. ಅದು ಊರವರ ದನ ಮೇಯುವ, ಸೌದೆ ತರುವ ನೆಲ. ಸಮಾಜ ಪರಿವರ್ತನ ಸಮುದಾಯ ಮತ್ತು ಎಸ್.ಆರ್. ಹಿರೇಮಠರು ಹೋರಾಟಕ್ಕೆ ನಿಂತರು. 1987ರ ನವೆಂಬರ್ 14ರಂದು ಹಾನಗಲ್ ಕಡೆಯ ಕುಸನೂರಿನಲ್ಲಿ "ಕಿತ್ತಿಕೋ-ಹಚ್ಚಿಕೋ" ಸತ್ಯಾಗ್ರಹ ಆಯಿತು. ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚುವುದು. ನಮ್ಮ ಅಪ್ಪ ಬುತ್ತಿ ಕಟ್ಟಿಕೊಂಡು ಹೋಗಿದ್ದರು. "ಕಿತ್ತದ್ದು ಅರ್ಧ ತಾಸು, ಭಾಷಣ ಮೂರು ತಾಸು" ಎಂದು ಇಂದಿಗೂ ಹೇಳುತ್ತಾರೆ. 1991ರಲ್ಲಿ ಆ ಕಂಪನಿಯನ್ನೇ ಮುಚ್ಚಿದರು. ಮರದಿಂದ ಬಂದದ್ದು, ಹಾಗಾಗಿ ಹಸಿರು ಎಂದು ಯಾರಾದರೂ ಅಂದರೆ ನನಗೆ ಆ ಬುತ್ತಿ ನೆನಪಾಗುತ್ತದೆ.

ಅಪ್ಪ ಜಯಧರ ಹತ್ತಿ ಬೆಳೆಯುತ್ತಿದ್ದರು. ನಮ್ಮ ಕಪ್ಪು ನೆಲದ ದೇಸಿ ತಳಿ. ಮಳೆ ನಂಬಿ ಬೆಳೆಯುವುದು, ಹುಳುವಿನ ಕಾಟ ಕಡಿಮೆ, ಔಷಧಿ ಖರ್ಚೂ ಕಡಿಮೆ. ಎಳೆ ಮಾತ್ರ ಗಿಡ್ಡ. ವೇಗದ ಮಿಲ್ಲುಗಳಿಗೆ ಉದ್ದ ಎಳೆಯೇ ಬೇಕು. 2002ರಲ್ಲಿ ಬಿಟಿ ಹತ್ತಿ, ಅಂದರೆ ಕುಲಾಂತರಿ ತಳಿ, ಬಂತು. ನಾಲ್ಕೇ ವರ್ಷಕ್ಕೆ ನಮ್ಮ ಓಣಿಯಲ್ಲಿ ಜಯಧರ ಬೀಜ ಕೇಳಿದರೂ ಸಿಗದಂತಾಯಿತು. ಈಗ ಅಲ್ಲೊಬ್ಬರು ಇಲ್ಲೊಬ್ಬರು ಹಚ್ಚುತ್ತಾರೆ, ಖಾದಿಯವರು ಕೊಳ್ಳುತ್ತಾರೆ. ಖಾದಿಗೂ ಈಗ ಸುಖವಿಲ್ಲ ಬಿಡ್ರಿ. ಗರಗದ ಖಾದಿ, ಹುಬ್ಬಳ್ಳಿ ಬೆಂಗೇರಿಯಲ್ಲಿ ಹೊಲಿದ ರಾಷ್ಟ್ರಧ್ವಜ ಅಂದರೆ ನಮಗೆ ಹೆಮ್ಮೆ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಾವುಟಕ್ಕೂ ಹೂಂ ಅಂದರು.

ಚಿಂದಿಯ ಚಿಂತೆ ಬಿಡ್ರಿ. ನಮ್ಮ ಅವ್ವ ಕೌದಿ ಹೊಲಿಯುತ್ತಾಳೆ. ಹತ್ತಿಯದು ಬೇರೆ, ಪಾಲಿಯೆಸ್ಟರಿನದು ಬೇರೆ ಚೀಲ ಮಾಡಿ ಇಡ್ರಿ. ಹತ್ತಿ ಚಿಂದಿ ಇದ್ದರೆ ನಿಮ್ಮೂರಲ್ಲೇ ಕೌದಿ ಹೊಲಿಯುವವರು ಬಂದು ಒಯ್ಯುತ್ತಾರೆ.

ದಾರದುಂಡೆ (ದಾವಣಗೆರೆ):

ಎಲ್ಲರಿಗೂ ಥ್ಯಾಂಕ್ಸ್. ಆರು ದಿನ ಬಿಟ್ಟು ಬರೆಯುತ್ತಿದ್ದೇನೆ. ಏನೇನಾಯಿತು ಹೇಳುತ್ತೇನೆ.

ನೆನೆಸಿದ ಎಳೆ ಹರಿದು ನೋಡಿದೆವು. ಒಣಗಿದ್ದಾಗ ಬೆರಳಿಗೆ ಕೊರೆಯುವಷ್ಟು ಗಟ್ಟಿ. ನೀರಿಗೆ ಅದ್ದಿದ್ದೇ ಪುಸಕ್ ಎಂದು ಹರಿಯಿತು. ಅತ್ತೆ ಮೂರು ಸಲ ಮಾಡಿ ನೋಡಿದರು. ಸೋತಿದ್ದು ಒಪ್ಪಿಕೊಳ್ಳಲು ಮನಸ್ಸಿಲ್ಲದೆ "ನಮ್ಮಪ್ಪನ ಕಾಲದಲ್ಲಿ ಇಂಥ ಮಾಲು ಇರಲಿಲ್ಲ" ಅಂದರು.

ಬೆಂಗಳೂರಿನವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಮೊದಲು ಸಿಟ್ಟಾದರು. "ಬೇರೆಯವರೆಲ್ಲ ಹಾಗೇ ಹಾಕಿಕೊಡುತ್ತಾರೆ" ಅಂದರು. ಪೀಣ್ಯದವರು ಹೇಳಿದ ಮಾರ್ಗಸೂಚಿಯ ವಿಷಯ ತೆಗೆದ ಮೇಲೆ ಸ್ವಲ್ಪ ಮೆತ್ತಗಾದರು. ಆರು ಕೋರಾ ಜಬಲಾ ಹೊಲಿದು ಸ್ಯಾಂಪಲ್ ಕಳಿಸಿದೆ. ವಾಟ್ಸಾಪಿನಲ್ಲಿ ಫೋಟೋ ಬಂತು. ಬಟ್ಟೆಯ ಮೇಲಿನ ಕಂದು ಚುಕ್ಕಿಗೆ ಸುತ್ತು ಹಾಕಿ "ಇದು ಕೊಳೆಯಾ?" ಎಂದು ಕೇಳಿದ್ದರು. ಹತ್ತಿಬೀಜದ ಸಿಪ್ಪೆಯ ಚೂರು, ಬ್ಲೀಚ್ ಮಾಡದಿದ್ದರೆ ಕಾಣುತ್ತದೆ ಎಂದು ಬರೆದೆ. ಒಂದು ದಿನ ಸುದ್ದಿಯಿಲ್ಲ. ನಿನ್ನೆ ಹೇಳಿದರು, 300 ಬೇಡ, 80 ಮಾಡಿ, ನೋಡೋಣ ಎಂದು. ಆ ಚುಕ್ಕಿಯ ವಿಷಯವನ್ನೇ ಟ್ಯಾಗಿನಲ್ಲಿ ಹಾಕಿ ಅಂದರು. ಹಾಗಾಗಿ ಟ್ಯಾಗ್ ಹೀಗಿದೆ: "ಹತ್ತಿ ಬಟ್ಟೆ. ಬಣ್ಣ, ಬ್ಲೀಚ್ ಹಾಕಿಲ್ಲ. ಕಂದು ಚುಕ್ಕಿ ಹತ್ತಿಬೀಜದ್ದು. ಹೊಲಿದ ದಾರ ಪಾಲಿಯೆಸ್ಟರ್." ಕೊನೆಯ ಸಾಲು ಬೇಡ ಎಂದರು. ಇರಲಿ ಎಂದೆ.

220 ಜಬಲಾದ ದುಡ್ಡು ಕೈಬಿಟ್ಟಿದ್ದಕ್ಕೆ ಹೊಟ್ಟೆ ಉರಿಯುತ್ತಿದೆ, ಸುಳ್ಳು ಹೇಳಲ್ಲ. ಆ ಎರಡು ತಾನು ವ್ಯಾಪಾರಿ ವಾಪಸ್ ತಗೊಳ್ಳಲಿಲ್ಲ. ಅದರಲ್ಲಿ ದೊಡ್ಡವರ ನೈಟಿ ಹೊಲಿಸುತ್ತಿದ್ದೇನೆ. ವಿಸ್ಕೋಸ್ 70, ಹತ್ತಿ 30 ಎಂದೇ ಬರೆದು ಮಾರುತ್ತೇನೆ. ಮೆತ್ತಗಿದೆ, ಹೋಗುತ್ತದೆ.

ಕೌದಿಯವರು ಚಿಂದಿ ನೋಡಲು ಸೋಮವಾರ ಬರುತ್ತಾರೆ.

ಬಣ್ಣದಭಟ್ಟಿ ಸರ್, 40 ಮೀಟರ್ ಕೋರಾ ಬಂದಿದೆ. ವಾಷಿಂಗ್ ಸೋಡಾ ಎಷ್ಟು ಹಾಕಲಿ? ನಾಳೆ ಭಾನುವಾರ, ಮಿಷನ್ನಿಗೆ ರಜೆ. ನೀರೊಲೆಯ ಹಂಡೆ ತೊಳೆದಿಟ್ಟಿದ್ದೇನೆ.

ಬಣ್ಣದಭಟ್ಟಿ:

ಮೀಟರ್ ಲೆಕ್ಕ ಟೈಲರಿಗೆ, ಭಟ್ಟಿಯವನಿಗೆ ತೂಕ ಬೇಕು ತಂಗಿ. ಬಟ್ಟೆ ತಕ್ಕಡಿಗೆ ಹಾಕಿ ಎಷ್ಟು ಕೆಜಿ ಹೇಳಿ. ಹಂಡೆ ತಾಮ್ರದ್ದಾ, ಸ್ಟೀಲಿನದ್ದಾ ಅದನ್ನೂ ಹೇಳಿ. ರಾತ್ರಿ ನೆನೆಹಾಕುವುದನ್ನು ಮಾತ್ರ ಈಗಲೇ ಮಾಡಿಬಿಡಿ.